ಹಳ್ಳ ಇಳಿದ ಮೇಲೆ ಏಳುವ ಸೊಳ್ಳೆ

ಹಸ್ತ ಮಳೆ ಕಳೆದು ಚಿತ್ತ ಹಿಡಿದು ನಾಲ್ಕು ದಿನವಾಗಿತ್ತು. ತೀರ್ಥಹಳ್ಳಿ ಸೀಮೆಯಲ್ಲಿರುವ ನಮ್ಮ ದೊಡ್ಡಮ್ಮನ ತೋಟದ ಕೆಳಗೆ ಒಂದು ಹಳ್ಳವಿದೆ. ಆಷಾಢದಲ್ಲಿ ಅದರ ಮೊರೆತ ಮನೆಯೊಳಗೆ ಕೂತವರಿಗೂ ಕೇಳುತ್ತದೆ. ಆವತ್ತು ಅದು ಮೊಣಕಾಲಿನ ಮಟ್ಟಕ್ಕೆ ಇಳಿದು ಕಲ್ಲುಗಳ ನಡುವೆ ಸದ್ದಿಲ್ಲದೆ ಹರಿಯುತ್ತಿತ್ತು. ದಂಡೆಯ ಹುಲ್ಲು ನೀರಿಗೆ ಬಾಗಿದ್ದ ಒಂದು ಮೂಲೆಯಲ್ಲಿ ಹರಿವು ಪೂರ್ತಿ ಸತ್ತಿತ್ತು. ಅಲ್ಲಿ ಅಡುಗೆಮನೆಯ ಸೌಟನ್ನು ಓರೆಯಾಗಿ ಅದ್ದಿ, ನೀರೆತ್ತಿ, ಬಿಳಿ ಪಿಂಗಾಣಿ ತಟ್ಟೆಗೆ ಸುರಿಯುತ್ತಾ ಕೂತೆ.

"ಎಂತ ಹುಡುಕ್ತಾ ಇದ್ದೀಯ ಮಾರಾಯ, ಸೌಟು ಹಿಡ್ಕಂಡು?" ಅಂತ ದೊಡ್ಡಮ್ಮ ದರೆಯ ಮೇಲಿಂದಲೇ ಕೇಳಿದರು.

ಮೊದಲ ಮೂರು ಸೌಟಿನಲ್ಲಿ ಏನೂ ಸಿಗಲಿಲ್ಲ. ನಾಲ್ಕನೆಯದರಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ, ಬೂದು ಬಣ್ಣದ ಎರಡು ಕಡ್ಡಿಗಳು ತೇಲಿದವು. ನನ್ನ ಕೈಯ ನೆರಳು ಬಿದ್ದದ್ದೇ ತಡ, ಎರಡೂ ಹಿಂದಕ್ಕೆ ಜಾರಿ ತಳಕ್ಕೆ ಮುಳುಗಿದವು. ಕೈ ಸರಿಸಿ ಕಾದೆ. ಮೆಲ್ಲಗೆ ಮೇಲೆ ಬಂದು ನೀರಿನ ಮೇಲ್ಮೈಗೆ ಅಂಟಿಕೊಂಡು ಚಾಪೆ ಹಾಸಿದ ಹಾಗೆ ಅಡ್ಡಡ್ಡ ಮಲಗಿದವು. ನಾನು ಹುಡುಕುತ್ತಿದ್ದದ್ದು ಹೀಗೆ ಮಲಗುವ ಹುಳುವನ್ನೇ. ಮನೆಯ ಹಿಂದಿನ ಮೋರಿಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯ ಮರಿಗೂ ಡೆಂಗಿ ಹರಡುವ ಈಡಿಸ್ ಮರಿಗೂ ಬಾಲದ ತುದಿಯಲ್ಲಿ ಉಸಿರಾಡುವ ಕೊಳವೆ ಇರುತ್ತದೆ. ಅವು ಆ ಕೊಳವೆಯನ್ನು ನೀರಿನ ಮೇಲ್ಮೈಗೆ ಚುಚ್ಚಿ ತಲೆಕೆಳಗಾಗಿ ನೇತಾಡುತ್ತವೆ. ಮಲೇರಿಯಾ ಹರಡುವ ಅನಾಫಿಲಿಸ್ ಮರಿಗೆ ಆ ಕೊಳವೆ ಇಲ್ಲ, ಹಾಗಾಗಿ ಅದು ನೀರಿಗೆ ಸಮನಾಗಿ ಮಲಗಲೇಬೇಕು. ಬೆನ್ನು ಮೇಲಕ್ಕಿದ್ದರೂ ತಲೆಯನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ, ಮೇಲ್ಪದರದಲ್ಲಿ ತೇಲುವ ಪಾಚಿಯನ್ನೂ ಸೂಕ್ಷ್ಮಜೀವಿಗಳನ್ನೂ ಬಾಚಿ ತಿನ್ನುತ್ತದೆ. ಉಸಿರು, ಊಟ ಎರಡೂ ಅದಕ್ಕೆ ಸಿಗುವುದು ನೀರಿನ ಆ ತೆಳು ಪದರದಲ್ಲೇ.

ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮಲೆನಾಡಿನ ಮಲೇರಿಯಾದ ಕಥೆ ಮುಕ್ಕಾಲು ಪಾಲು ಬಿಡಿಸಿಕೊಳ್ಳುತ್ತದೆ. ಮೇಲ್ಪದರ ಕದಡುವ ಕಡೆ ಈ ಮರಿ ಬದುಕಲಾರದು. ಧೋ ಎಂದು ಸುರಿಯುವ ಮಳೆಯಲ್ಲಿ, ಕಲ್ಲಿಗೆ ಬಡಿದು ಹಾರುವ ಹಳ್ಳದಲ್ಲಿ, ಅಲೆ ಏಳುವ ಅಣೆಕಟ್ಟಿನ ನಡುನೀರಿನಲ್ಲಿ ಅದಕ್ಕೆ ಜಾಗವಿಲ್ಲ.

ಮಳೆ ಹೆಚ್ಚಾದಷ್ಟೂ ಸೊಳ್ಳೆ ಹೆಚ್ಚು, ಸೊಳ್ಳೆ ಹೆಚ್ಚಾದಷ್ಟೂ ಜ್ವರ ಹೆಚ್ಚು ಅನ್ನುವ ಲೆಕ್ಕ ನಮ್ಮೆಲ್ಲರ ತಲೆಯಲ್ಲಿದೆ. ಅದು ನಿಜವಾಗಿದ್ದರೆ ಆಗುಂಬೆಯಲ್ಲಿ ಮನುಷ್ಯರು ಉಳಿಯುತ್ತಲೇ ಇರಲಿಲ್ಲ. 1946ರ ಆಗಸ್ಟ್ ತಿಂಗಳೊಂದರಲ್ಲೇ ಅಲ್ಲಿ 4,508 ಮಿಲಿಮೀಟರ್ ಮಳೆ ಬಿದ್ದ ದಾಖಲೆಯಿದೆ. ಅಲ್ಲಿಂದ ನೂರು ಕಿಲೋಮೀಟರ್ ಒಳಗಿರುವ ಶಿವಮೊಗ್ಗ ಪೇಟೆಗೆ ನಾಲ್ಕು ವರ್ಷ ಸೇರಿಸಿದರೂ ಅಷ್ಟು ಮಳೆ ಬರುವುದು ಕಷ್ಟ. ಆದರೆ ಅಂಥ ಮಳೆ ಸೊಳ್ಳೆಯನ್ನು ಸಾಕುವ ಮಳೆಯಲ್ಲ, ತೊಳೆದು ಒಯ್ಯುವ ಮಳೆ. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎನ್ನುತ್ತಾರಲ್ಲ, ಆ ಆರದ ಮಳೆಯಲ್ಲಿ ಹಳ್ಳದ ದಂಡೆಯ ಮರಿಗಳು ಕೆಸರಿನ ಜೊತೆ ಕೊಚ್ಚಿ ಹೋಗುತ್ತವೆ. ಪುನರ್ವಸು, ಪುಷ್ಯ, ಆಶ್ಲೇಷ ಕಳೆಯುವವರೆಗೂ ಹೀಗೇ. ಹುಬ್ಬೆ, ಉತ್ತರೆಗೆ ಮಳೆಯ ರಭಸ ಒಡೆಯುತ್ತದೆ. ಹಸ್ತ, ಚಿತ್ತದ ಹೊತ್ತಿಗೆ ಬೆಳಗ್ಗೆ ಬಿಸಿಲು, ಸಂಜೆಗೊಂದು ಗುಡುಗಿನ ಮಳೆ. ಗುಡ್ಡ ಕುಡಿದಿಟ್ಟುಕೊಂಡ ನೀರು ಒರತೆಯಾಗಿ, ಒಸರಾಗಿ ಸಣ್ಣಗೆ ಇಳಿಯುತ್ತಲೇ ಇರುತ್ತದೆ. ಹಳ್ಳ ತಿಳಿಯಾಗುತ್ತದೆ, ದಂಡೆಯಲ್ಲಿ ಹುಲ್ಲು ಬೆಳೆದಿರುತ್ತದೆ, ನೀರಿಗೆ ಬಿಸಿಲು ತಾಗುತ್ತದೆ. ಮಲೆನಾಡಿನ ಸೊಳ್ಳೆಗೆ ಸುಗ್ಗಿ ಬರುವುದು ಆಗ. ಇಲ್ಲಿ ಅದನ್ನು ಹುಟ್ಟಿಸುವುದು ಮಳೆ ಬಿಟ್ಟುಕೊಟ್ಟ ಬಿಡುವು.

ಆ ಬಿಡುವು ಎಷ್ಟು ದಿನದ್ದಾಗಿರಬೇಕು ಅನ್ನುವುದಕ್ಕೂ ಲೆಕ್ಕವಿದೆ. ಅನಾಫಿಲಿಸ್ ಹೆಣ್ಣು ಮೊಟ್ಟೆಗಳನ್ನು ಒಂದೊಂದಾಗಿ ನೀರಿನ ಮೇಲೆ ಉದುರಿಸುತ್ತದೆ. ಪ್ರತಿ ಮೊಟ್ಟೆಯ ಇಕ್ಕೆಲದಲ್ಲೂ ಗಾಳಿ ತುಂಬಿದ ಪುಟ್ಟ ತೇಲುಗಗಳಿವೆ, ದೋಣಿಗೆ ಕಟ್ಟಿದ ಬುರುಡೆಗಳ ಹಾಗೆ. ಎರಡು ಮೂರು ದಿನಕ್ಕೆ ಮೊಟ್ಟೆ ಒಡೆದು ಮರಿ ಹೊರಬರುತ್ತದೆ. ನಾಲ್ಕು ಹಂತಗಳಲ್ಲಿ ಬೆಳೆದು, ಕೋಶವಾಗಿ, ಇನ್ನೆರಡು ದಿನಕ್ಕೆ ಸಿಪ್ಪೆ ಸೀಳಿ ಹಾರುತ್ತದೆ. ನೀರು 27–28 ಡಿಗ್ರಿಯಷ್ಟು ಬೆಚ್ಚಗಿದ್ದರೆ ಒಟ್ಟು 8ರಿಂದ 10 ದಿನ ಸಾಕು, ತಣ್ಣಗಿದ್ದರೆ ಎರಡು ಮೂರು ವಾರಕ್ಕೂ ಎಳೆಯುತ್ತದೆ. ಅಂದರೆ ನಾಲ್ಕೇ ದಿನಕ್ಕೆ ಬತ್ತುವ ಗುಂಡಿಯೂ ವಾರಕ್ಕೆರಡು ಸಲ ಉಕ್ಕುವ ಹಳ್ಳವೂ ಸೊಳ್ಳೆಗೆ ಬರಡೇ. ಹತ್ತು ಹದಿನೈದು ದಿನ ಕದಡದೆ, ಕೊಳೆಯದೆ, ಬತ್ತದೆ ನಿಂತ ನೀರು ಮಾತ್ರ ಅದರ ತೊಟ್ಟಿಲು.

ಇನ್ನೊಂದು ವಿಷಯ. ಅನಾಫಿಲಿಸ್ ಅಂದರೆ ಒಂದೇ ಸೊಳ್ಳೆಯಲ್ಲ. ನಮ್ಮ ದೇಶದಲ್ಲಿ ಅದರ ಹತ್ತಾರು ಜಾತಿಗಳಿವೆ. ಮಲೇರಿಯಾ ಹರಡುವುದರಲ್ಲಿ ಹೆಸರು ಮಾಡಿದವು ಬೆರಳೆಣಿಕೆಯಷ್ಟು, ಒಂದೊಂದರ ನೀರಿನ ರುಚಿಯೂ ಬೇರೆ. ಮಲೆನಾಡಿಗೆ ಹಿಂದಿನಿಂದಲೂ ಕೆಟ್ಟ ಹೆಸರು ತಂದದ್ದು ಅನಾಫಿಲಿಸ್ ಫ್ಲೂವಿಯಾಟಿಲಿಸ್. ಲ್ಯಾಟಿನ್ನಿನಲ್ಲಿ ಫ್ಲೂವಿಯಸ್ ಎಂದರೆ ನದಿ, ಅದರ ಹೆಸರಿನಲ್ಲೇ ಹರಿವು ಇದೆ. ಪೂರ್ತಿ ನಿಂತ ನೀರಿಗಿಂತ ಮೆಲ್ಲಗೆ ಜಾರುವ ತಿಳಿನೀರು ಇದಕ್ಕೆ ಇಷ್ಟ. ತೊರೆಯ ಅಂಚು, ದರೆಯ ಬುಡದಲ್ಲಿ ಒಸರುವ ನೀರು, ಗದ್ದೆಯಿಂದ ಗದ್ದೆಗೆ ಇಳಿಯುವ ಕಿರುಗಾಲುವೆ, ಅಡಿಕೆ ತೋಟದ ಬಸಿಗಾಲುವೆ ಎಲ್ಲವೂ ಅದಕ್ಕೆ ಒಗ್ಗುತ್ತವೆ. ಹರಿಯುವ ನೀರಿನಲ್ಲಿ ಸೊಳ್ಳೆ ಹುಟ್ಟುವುದಿಲ್ಲ ಎಂಬ ಮಾತನ್ನು ನಾನು ಶಾಲೆಯಲ್ಲಿ ಕೇಳಿ ಬೆಳೆದವನು. ಮೋರಿಯ ಸೊಳ್ಳೆಗೆ ಅದು ಹೊಂದುತ್ತದೆ, ನಮ್ಮ ಹಳ್ಳದ ಸೊಳ್ಳೆಗೆ ಹೊಂದುವುದಿಲ್ಲ. ಹರಿವು ನಡುವೆ ಇರುತ್ತದೆ, ಅಂಚಿನಲ್ಲಿ ಹುಲ್ಲು ಅದನ್ನು ತಡೆದು ಅಂಗೈಯಗಲದ ನಿಶ್ಚಲ ನೀರು ಮಾಡಿಕೊಡುತ್ತದೆ. ಸೊಳ್ಳೆಗೆ ಅಷ್ಟು ಸಾಕು. ನನ್ನ ತಟ್ಟೆಯಲ್ಲಿದ್ದದ್ದು ಇದೇ ಜಾತಿಯೇ ಎಂದು ಬರಿಗಣ್ಣಿಗೆ ಹೇಳಲು ಬರುವುದಿಲ್ಲ, ಅದಕ್ಕೆ ಸೂಕ್ಷ್ಮದರ್ಶಕ ಬೇಕು. ಅನಾಫಿಲಿಸ್ ಅನ್ನುವುದಂತೂ ಖಾತ್ರಿ.

ಗುಡ್ಡ ಇಳಿದು ಭದ್ರಾವತಿ, ಶಿಕಾರಿಪುರದ ಕಡೆ ಬಯಲು ತೆರೆದುಕೊಂಡ ಹಾಗೆ ಇನ್ನೊಂದು ಜಾತಿಯ ಸೀಮೆ ಶುರುವಾಗುತ್ತದೆ. ಅದು ಅನಾಫಿಲಿಸ್ ಕ್ಯುಲಿಸಿಫೇಸೀಸ್. ದೇಶದ ಹಳ್ಳಿಗಾಡಿನ ಮಲೇರಿಯಾದ ದೊಡ್ಡ ಪಾಲು ಇದರದ್ದೇ. ಹೊಸ ಮಳೆಯ ಗುಂಡಿ, ನದಿ ಇಳಿದಾಗ ಮರಳಿನಲ್ಲೂ ಬಂಡೆಗಳ ನಡುವೆಯೂ ಉಳಿಯುವ ಹೊಂಡ, ಸೋರುವ ನಾಲೆಯ ಪಕ್ಕದ ತೇವ, ಬಳಕೆಯಿಲ್ಲದ ಬಾವಿ, ದನದ ಗೊರಸಿನ ಗುಳಿ, ಎಲ್ಲಿ ಬಿಸಿಲು ಬಿದ್ದ ತಿಳಿನೀರಿದೆಯೋ ಅಲ್ಲಿ ಇದು ಇರುತ್ತದೆ. ಭತ್ತದ ಗದ್ದೆಯೊಂದಿಗೆ ಇದರ ಸಂಬಂಧವಂತೂ ಕುತೂಹಲದ್ದು. ನಾಟಿಯಾದ ಹೊಸದರಲ್ಲಿ ಗದ್ದೆಯೆಂದರೆ ಆಕಾಶಕ್ಕೆ ತೆರೆದ ಕನ್ನಡಿ, ಆಗ ಮರಿಗಳು ಸಿಗುತ್ತವೆ. ಪೈರು ಮೊಣಕಾಲುದ್ದ ಬರುವ ಹೊತ್ತಿಗೆ ಅವು ಮಾಯ. 1940ರ ದಶಕದ ಆರಂಭದಲ್ಲಿ ಪಾಲ್ ರಸೆಲ್ ಮತ್ತು ಟಿ. ರಾಮಚಂದ್ರ ರಾವ್ ಎಂಬ ವಿಜ್ಞಾನಿಗಳು ತಂಜಾವೂರು ಸೀಮೆಯಲ್ಲಿ ಇದರ ಕಾರಣ ಹುಡುಕಿದರು. ನೆರಳಿಗೆ ಹೆದರಿ ಸೊಳ್ಳೆ ದೂರವಾಗುತ್ತದೆಯೋ, ಬೇರೆ ಏನಾದರೂ ಇದೆಯೋ ಎಂದು ನೋಡಲು ಹೊಂಡಗಳಲ್ಲಿ ಪೈರಿನ ಬದಲು ಕಡ್ಡಿಗಳನ್ನು ಒತ್ತೊತ್ತಾಗಿ ನಿಲ್ಲಿಸಿದರು. ಕಡ್ಡಿ ನಿಂತ ಕಡೆಯೂ ಮೊಟ್ಟೆ ಕಡಿಮೆಯಾಯಿತು. ಈ ಸೊಳ್ಳೆ ನೀರಿನ ಮೇಲೆ ಕೂತು ಮೊಟ್ಟೆಯಿಡುವುದಿಲ್ಲ. ಮೇಲೆಯೇ ತೂಗಾಡುತ್ತಾ ಹಾರಿ ಉದುರಿಸುತ್ತದೆ. ಪೈರು ಎದ್ದ ಮೇಲೆ ಆ ಕುಣಿತಕ್ಕೆ ಜಾಗವೇ ಇರುವುದಿಲ್ಲ. ಗದ್ದೆ ಎಲ್ಲ ತಿಂಗಳಲ್ಲೂ ಒಂದೇ ಸಮನಾಗಿ ಅಪಾಯಕಾರಿ ಅಲ್ಲ ಎಂದು ತೋರಿಸಿದ ಆ ಕೆಲಸ ನನಗೆ ಬಹಳ ಇಷ್ಟ, ಏಕೆಂದರೆ ಅದು ಕೂತು ಸೊಳ್ಳೆಯನ್ನು ನೋಡಿದವರ ಕೆಲಸ.

ಮೂರನೆಯದು ಪೇಟೆಯ ಸೊಳ್ಳೆ, ಅನಾಫಿಲಿಸ್ ಸ್ಟೀಫೆನ್ಸೈ. ಇದಕ್ಕೆ ಹಳ್ಳ ಕೊಳ್ಳ ಬೇಡ, ಮುಚ್ಚಳ ಸರಿಯಿಲ್ಲದ ಸಿಂಟೆಕ್ಸ್, ಮನೆಯ ಸಂಪು, ಕಟ್ಟಡ ಕಟ್ಟುವಾಗ ತಾರಸಿಯಲ್ಲಿ ನಿಲ್ಲಿಸುವ ನೀರು ಸಾಕು. ಮಂಗಳೂರಿನಲ್ಲಿ ವರ್ಷಗಟ್ಟಲೆ ಮಲೇರಿಯಾ ಕಾಡಿದ್ದು ಇದರ ದೆಸೆಯಿಂದ. 2012ರಲ್ಲಿ ಇದು ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡ ಮೇಲೆ ಅಲ್ಲಿನ ನಗರಗಳಿಗೂ ಹೊಸ ತಲೆನೋವು ಶುರುವಾಗಿದೆ.

ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಟೈರಿನೊಳಗೆ ನಿಲ್ಲುವ ನೀರಿನಲ್ಲಿ ಹುಟ್ಟುವುದು ಈಡಿಸ್. ಅದರಿಂದ ಡೆಂಗಿ, ಚಿಕೂನ್‌ಗುನ್ಯ ಬರುತ್ತವೆ, ಮಲೇರಿಯಾ ಅಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಗೆ ಸೊಳ್ಳೆಯ ನಂಟೇ ಇಲ್ಲ, ಅದು ಉಣ್ಣೆಹುಳುವಿನ ಕೆಲಸ. ಮಲೆನಾಡಿನ ಜ್ವರಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಊರಿಗೆಲ್ಲ ಹೊಗೆ ಬಿಟ್ಟು ಹೋಗುವುದನ್ನು ಕಂಡಾಗ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ ಎಂದು ಸಂಕಟವಾಗುತ್ತದೆ.

ದೊಡ್ಡಮ್ಮನಿಗೆ ಈಗ ಎಂಬತ್ತು ದಾಟಿದೆ. ತಟ್ಟೆಯಲ್ಲಿದ್ದ ಮರಿಗಳನ್ನು ತೋರಿಸಿದಾಗ ಅವರು ಬಹಳ ಹೊತ್ತು ನೋಡಿದರು. "ಇಷ್ಟು ಸಣ್ಣದಾ? ಇದಕ್ಕೇನಾ ನಮ್ಮ ಮನೇಲಿ ಮೂರು ಜನ ಹೋಗಿದ್ದು?" ಅಂದರು. ಅವರ ಬಾಲ್ಯದಲ್ಲಿ ಚಳಿಜ್ವರವೆಂದರೆ ದೀಪಾವಳಿಯ ಹಾಗೆ ವರ್ಷ ವರ್ಷವೂ ಬರುವಂಥದ್ದು. ಹೊತ್ತು ಏರುವಾಗ ನಡುಕ, ನಾಲ್ಕು ಕಂಬಳಿ ಹೊದ್ದರೂ ನಿಲ್ಲದ ಚಳಿ, ಆಮೇಲೆ ಕೆಂಡದಂಥ ಜ್ವರ, ಬೆವರು, ಮರುದಿನ ಏನೂ ಆಗದವರ ಹಾಗೆ ತೋಟಕ್ಕೆ, ಅದರ ಮರುದಿನ ಮತ್ತೆ ನಡುಕ. ವರ್ಷಗಟ್ಟಲೆ ಹೀಗಾದ ಮಕ್ಕಳ ಗುಲ್ಮ ಊದಿ ಎಡಪಕ್ಕೆಯ ಕೆಳಗೆ ಕೈಗೆ ಸಿಗುತ್ತಿತ್ತು. ಜನ ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ಕ್ವಿನೈನಿನ ಕಹಿ ಅವರ ನಾಲಗೆಯ ಮೇಲೆ ಇನ್ನೂ ಇದೆಯಂತೆ. ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು.

ಕಾಡಿನ ಕೆಟ್ಟ ಗಾಳಿಯಿಂದ ಈ ಜ್ವರ ಬರುತ್ತದೆ ಎಂದು ನಂಬಿದವರು ನಮ್ಮವರಷ್ಟೇ ಅಲ್ಲ. ಮಲೇರಿಯಾ ಎಂಬ ಇಟಲಿಯ ಮಾತಿನ ಅರ್ಥವೇ ಕೆಟ್ಟ ಗಾಳಿ. 1880ರಲ್ಲಿ ಫ್ರೆಂಚ್ ವೈದ್ಯ ಲಾವೆರಾನ್ ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಮಲೇರಿಯಾ ತರುವ ಪರಾವಲಂಬಿ ಜೀವಿಯನ್ನು ಕಂಡ. 1897ರ ಆಗಸ್ಟ್ 20ರಂದು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಅದನ್ನೇ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಂಡ. ಅಲ್ಲಿಗೆ ಗಾಳಿಯ ಮೇಲಿನ ಅಪವಾದ ತೀರಿತು. ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆ ಮನೆಯ ಗೋಡೆಗೆ ಡಿಡಿಟಿ ಬಿತ್ತು. 1965ರ ವೇಳೆಗೆ ಪ್ರಕರಣಗಳು ಒಂದು ಲಕ್ಷದ ಸುಮಾರಿಗೆ ಇಳಿದವು. ಆಮೇಲೆ ಕೈ ಸಡಿಲವಾಯಿತು, ಸೊಳ್ಳೆ ವಿಷಕ್ಕೆ ಒಗ್ಗಿಕೊಂಡಿತು, 1976ರಲ್ಲಿ ಸಂಖ್ಯೆ 64 ಲಕ್ಷಕ್ಕೆ ಏರಿತು. ಈಗ ಮತ್ತೆ ಬಹಳ ಕೆಳಗಿಳಿದಿದೆ, 2030ರೊಳಗೆ ದೇಶದಿಂದಲೇ ಮಲೇರಿಯಾ ತೊಲಗಬೇಕು ಎಂಬ ಗುರಿಯಿದೆ. ಡಿಡಿಟಿಯ ಗುಟ್ಟೂ ಪರಿಸರದ ಗುಟ್ಟೇ. ರಕ್ತ ಕುಡಿದು ಭಾರವಾದ ಸೊಳ್ಳೆ ಪಕ್ಕದ ಗೋಡೆಯ ಮೇಲೆ ಕೂತು ಅರಗಿಸಿಕೊಳ್ಳುತ್ತದೆ. ವಿಷ ಅದರ ಕಾಲಿಗೆ ತಗಲುತ್ತಿದ್ದದ್ದು ಅಲ್ಲಿ. ಆದರೆ ಗೋಡೆಗೆ ವಿಷ ಹೊಡೆದದ್ದರಿಂದ ಹಳ್ಳದ ದಂಡೆ ಬದಲಾಗಲಿಲ್ಲ, ಅದು ದೊಡ್ಡಮ್ಮನ ಬಾಲ್ಯದಲ್ಲಿ ಇದ್ದ ಹಾಗೇ ಇದೆ.

ಕಾಡಿನ ಪಾತ್ರದ ಬಗ್ಗೆ ಎರಡೂ ಕಡೆಯಿಂದ ತಪ್ಪು ಮಾತು ಕೇಳುತ್ತೇವೆ. ಕಾಡೇ ಜ್ವರಕ್ಕೆ ಮೂಲ, ಕಡಿದರೆ ಆರೋಗ್ಯ ಎನ್ನುವುದು ಹಳಬರ ವಾದ. ಕಾಡು ಉಳಿದರೆ ಮಲೇರಿಯಾ ತಾನಾಗಿ ಹೋಗುತ್ತದೆ ಎನ್ನುವುದು ಹೊಸಬರ ವಾದ. ಯಾವ ಸೊಳ್ಳೆ ಎಂದು ಕೇಳದೆ ಎರಡನ್ನೂ ಹೇಳುವಂತಿಲ್ಲ. ದಟ್ಟ ಕಾಡಿನೊಳಗೆ ಬಿಸಿಲು ಕಾಣದ ತೊರೆಯಲ್ಲಿ ಪಾಚಿ ಬೆಳೆಯುವುದು ಕಡಿಮೆ, ನೀರು ತಣ್ಣಗೆ. ಮೇಲಿನ ಮರ ಕಡಿದರೆ ಅದೇ ತೊರೆಗೆ ಬಿಸಿಲು ಬಿದ್ದು, ದಂಡೆಯಲ್ಲಿ ಹುಲ್ಲು ಎದ್ದು, ಸೊಳ್ಳೆಗೆ ಹಾಸಿಗೆ ಹಾಸಿಕೊಟ್ಟ ಹಾಗಾಗುತ್ತದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ಕಳೆದ ಶತಮಾನದ ಮೊದಲ ಭಾಗದಲ್ಲಿ ಇದನ್ನೇ ತಿರುಗಿಸಿ ಬಳಸಿದರು. ಅಲ್ಲಿನ ಅನಾಫಿಲಿಸ್ ಮಿನಿಮಸ್ ಫ್ಲೂವಿಯಾಟಿಲಿಸ್‌ನ ಹತ್ತಿರದ ನೆಂಟ, ಅದಕ್ಕೂ ಬಿಸಿಲು ಬಿದ್ದ ಹುಲ್ಲುದಂಡೆಯೇ ಬೇಕು. ತೊರೆಗಳ ಮೇಲೆ ದಟ್ಟ ಗಿಡ ಬೆಳೆಸಿ ನೆರಳು ಮಾಡಿದಾಗ ಮರಿಗಳು ಇಳಿದವು. ಆದರೆ ಒಡಿಶಾದ ಕಾಡುಗುಡ್ಡಗಳಲ್ಲಿ ಫ್ಲೂವಿಯಾಟಿಲಿಸ್‌ನ ಒಂದು ಒಳಜಾತಿ ಕಾಡಿನ ಹಳ್ಳಿಗಳಲ್ಲೇ ಬಲವಾಗಿದೆ. ಕಣ್ಣಿಗೆ ಒಂದೇ ಥರ ಕಾಣುವ ಈ ಸೊಳ್ಳೆಯೊಳಗೆ ಎಸ್, ಟಿ, ಯು ಎಂದು ಹೆಸರಿಟ್ಟ ಒಳಜಾತಿಗಳಿವೆ. ಎಸ್ ಮನುಷ್ಯರ ರಕ್ತಕ್ಕೆ ಬೀಳುವಂಥದ್ದು, ಮಲೇರಿಯಾ ಹರಡುವುದರಲ್ಲಿ ಅದು ನಿಷ್ಣಾತ. ಟಿ ಮತ್ತು ಯು ಹೆಚ್ಚಾಗಿ ದನದ ರಕ್ತ ಕುಡಿದು ತೃಪ್ತಿ ಪಡುವಂಥವು. ಒಂದೇ ಹಳ್ಳ, ಒಂದೇ ಹುಲ್ಲು ಇದ್ದರೂ ಅಲ್ಲಿ ಹುಟ್ಟುವುದು ಯಾವುದು ಅನ್ನುವುದರ ಮೇಲೆ ಊರಿನ ಹಣೆಬರಹ ಬದಲಾಗುತ್ತದೆ.

ಸೊಳ್ಳೆ ಹುಟ್ಟಿದ ಮಾತ್ರಕ್ಕೆ ಮಲೇರಿಯಾ ಹರಡಿದಂತಲ್ಲ. ಅದು ಮೊದಲು ರೋಗಿಯೊಬ್ಬನ ರಕ್ತ ಕುಡಿಯಬೇಕು. ಆ ಪರಾವಲಂಬಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಎಂಜಲಿನ ಗ್ರಂಥಿಗೆ ತಲುಪಬೇಕು. ಆಮೇಲೆ ಕಚ್ಚಿದರಷ್ಟೇ ಇನ್ನೊಬ್ಬರಿಗೆ ಜ್ವರ. ಈ ಬೆಳವಣಿಗೆಯ ಗಡಿಯಾರ ಓಡುವುದು ತಾಪಮಾನದ ಮೇಲೆ, ಸೊಳ್ಳೆಗೆ ನಮ್ಮ ಹಾಗೆ ಒಳಗೆ ಬೆಚ್ಚನೆಯ ಮೈ ಇಲ್ಲವಲ್ಲ. ಮಾರಕವಾದ ಫಾಲ್ಸಿಪೇರಮ್ ಪರಾವಲಂಬಿಗೆ 30 ಡಿಗ್ರಿಯಲ್ಲಿ ಸುಮಾರು 8 ದಿನ ಸಾಕು, 25ರಲ್ಲಿ 12 ದಿನ ಬೇಕು, 20ಕ್ಕೆ ಇಳಿದರೆ 28 ದಿನ. 18ರ ಕೆಳಗೆ ಅದರ ಬೆಳವಣಿಗೆಯೇ ಹೆಚ್ಚುಕಡಿಮೆ ನಿಲ್ಲುತ್ತದೆ. ಮಲೇರಿಯಾದ ಇನ್ನೊಂದು ಪರಾವಲಂಬಿ ವೈವಾಕ್ಸ್ ಸ್ವಲ್ಪ ಗಟ್ಟಿ, 16ರವರೆಗೂ ತಡೆಯುತ್ತದೆ.

ಈಗ ಸೊಳ್ಳೆಯ ಆಯುಷ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ದಿನಕ್ಕೆ ನೂರರಲ್ಲಿ ಹತ್ತು ಸೊಳ್ಳೆ ಸಾಯುತ್ತವೆ ಎಂದುಕೊಳ್ಳೋಣ. ಇವತ್ತು ನೂರು ಸೊಳ್ಳೆ ರೋಗಿಯ ರಕ್ತ ಕುಡಿದರೆ 12 ದಿನದ ಮೇಲೆ ಉಳಿಯುವುದು 28. 28 ದಿನದ ಮೇಲೆ ಉಳಿಯುವುದು ಬರೀ 5. ಅಂದರೆ 25 ಡಿಗ್ರಿಯಲ್ಲಿ ನೂರಕ್ಕೆ 28 ಸೊಳ್ಳೆ ಅಪಾಯಕಾರಿಯಾದರೆ 20 ಡಿಗ್ರಿಯಲ್ಲಿ ಐದೇ. ಐದು ಡಿಗ್ರಿ ವ್ಯತ್ಯಾಸ ನಮಗೆ ಒಂದು ಸ್ವೆಟರಿನದು, ಪರಾವಲಂಬಿಗೆ ಬದುಕು ಸಾವಿನದು. ತೀರ ಸೆಖೆಯೂ ಸೊಳ್ಳೆಗೆ ಆಗದು. 34 ಡಿಗ್ರಿ ದಾಟಿದರೆ ಸೊಳ್ಳೆಯೂ ಬಳಲುತ್ತದೆ, ಪರಾವಲಂಬಿಯೂ. ಗಾಳಿಯ ತೇವ ಶೇಕಡ 60ಕ್ಕಿಂತ ಕೆಳಗಿಳಿದರೆ ಸೊಳ್ಳೆಯ ಆಯುಷ್ಯ ಕುಗ್ಗುತ್ತದೆ. ಮಲೇರಿಯಾ ಹರಡಲು ಹದವಾದದ್ದು ಹೆಚ್ಚೂ ಕಡಿಮೆ 25 ಡಿಗ್ರಿಯ ಆಸುಪಾಸು.

ನಮ್ಮ ಗುಡ್ಡಗಳಲ್ಲಿ ಆಷಾಢದ ಜಡಿಮಳೆಯಲ್ಲಿ ದಿನದ ಸರಾಸರಿ 22–23 ಡಿಗ್ರಿಗೆ ಇಳಿದಿರುತ್ತದೆ. ಅಕ್ಟೋಬರಿಗೆ ಬಿಸಿಲು ಬಂದು 25ರ ಹತ್ತಿರ ಬರುತ್ತದೆ, ಗಾಳಿಯಲ್ಲಿ ತೇವ ಇನ್ನೂ ಇರುತ್ತದೆ. ಹಳ್ಳ ಇಳಿದು ತೊಟ್ಟಿಲು ಸಿದ್ಧವಾಗುವ ಹೊತ್ತೂ ಪರಾವಲಂಬಿಯ ಗಡಿಯಾರ ಚುರುಕಾಗುವ ಹೊತ್ತೂ ಒಂದೇ. ಪುಷ್ಯ ಮಾಸದ ಚಳಿಯಲ್ಲಿ ರಾತ್ರಿ ಹೊರಗೆ 15ಕ್ಕೆ ಇಳಿದರೂ ಸೊಳ್ಳೆ ಹೊರಗಿರುವುದಿಲ್ಲ. ಹಳೆಯ ಮಲೆನಾಡ ಮನೆಗಳಲ್ಲಿ ಕೊಟ್ಟಿಗೆಯೂ ಬಚ್ಚಲೊಲೆಯೂ ಮನೆಗೆ ಅಂಟಿಕೊಂಡೇ ಇರುತ್ತಿದ್ದವು. ದನಗಳ ಉಸಿರಿನಿಂದ, ಒಲೆಯ ಕಾವಿನಿಂದ ಬೆಚ್ಚಗಿದ್ದ ಆ ಕತ್ತಲೆಯ ಮೂಲೆಗಳಲ್ಲಿ ಸೊಳ್ಳೆ ಕಳೆಯುತ್ತಿದ್ದ ಚಳಿಗಾಲ ಹವಾಮಾನ ಇಲಾಖೆಯ ಅಂಕಿಯಲ್ಲಿ ಕಾಣುವ ಚಳಿಗಾಲವಾಗಿರಲಿಲ್ಲ.

ಹವಾಮಾನ ಬದಲಾವಣೆಯ ಮಾತು ಬಂದಾಗ ಎಲ್ಲರೂ ಸೆಖೆಯ ಬಗ್ಗೆ ಹೇಳುತ್ತಾರೆ. ಮಲೆನಾಡಿನ ಮಟ್ಟಿಗೆ ನನ್ನ ಚಿಂತೆ ಮಳೆಯ ನಡಿಗೆಯದು. 1934–35ರಲ್ಲಿ ಶ್ರೀಲಂಕಾದಲ್ಲಿ ನಡೆದದ್ದು ಇದಕ್ಕೆ ಕಣ್ಣು ತೆರೆಸುವ ಉದಾಹರಣೆ. ಅಲ್ಲಿ ಮಲೇರಿಯಾ ಸಾಮಾನ್ಯವಾಗಿ ಒಣಸೀಮೆಯ ರೋಗ. ನೈರುತ್ಯದ ಮಳೆಸೀಮೆಯಲ್ಲಿ ನದಿಗಳು ವರ್ಷವಿಡೀ ಬಿರುಸಾಗಿ ಹರಿಯುತ್ತಿದ್ದರಿಂದ ಕ್ಯುಲಿಸಿಫೇಸೀಸ್‌ಗೆ ನೆಲೆಯಿರಲಿಲ್ಲ. 1934ರಲ್ಲಿ ಮಳೆ ಕೈಕೊಟ್ಟಿತು. ನದಿಗಳು ಕಡಿದು ಸಾಲು ಹೊಂಡಗಳಾದವು. ಒಂದೊಂದು ಹೊಂಡವೂ ಸೊಳ್ಳೆಯ ಕೊಪ್ಪರಿಗೆಯಾಯಿತು. ಮಲೇರಿಯಾ ಕಂಡಿರದ, ಹಾಗಾಗಿ ಮೈಯಲ್ಲಿ ತಡೆಯೇ ಇರದ ಜನರ ಮೇಲೆ ಅದು ಬಿತ್ತು. ಕೆಲವೇ ತಿಂಗಳಲ್ಲಿ ಸುಮಾರು 80,000 ಜನ ಸತ್ತರು. ಒಣಸೀಮೆಗೆ ಮಳೆ ಬಂದರೆ ಮಲೇರಿಯಾ ಬರುತ್ತದೆ, ಮಳೆಸೀಮೆಗೆ ಮಳೆ ನಿಂತರೆ ಬರುತ್ತದೆ. ಅದೇ ಶ್ರೀಲಂಕಾ 2016ರಲ್ಲಿ ಮಲೇರಿಯಾಮುಕ್ತ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆಯಿತು ಅನ್ನುವುದನ್ನೂ ಹೇಳಲೇಬೇಕು.

2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ದಾಖಲಾದ ಅತಿ ಒಣ ಆಗಸ್ಟ್. ಆ ವರ್ಷ ಆಶ್ಲೇಷ, ಮಖೆ ಮಳೆಯ ದಿನಗಳಲ್ಲಿ ದೊಡ್ಡಮ್ಮನ ಹಳ್ಳ ಚಿತ್ತದ ಹಳ್ಳದ ಹಾಗೆ ತಿಳಿಯಾಗಿತ್ತು. ಆ ವರ್ಷ ನಮ್ಮೂರಲ್ಲಿ ಯಾರಿಗೂ ಮಲೇರಿಯಾ ಬರಲಿಲ್ಲ, ಏಕೆಂದರೆ ಸೊಳ್ಳೆ ಕುಡಿಯಬೇಕಾದ ರೋಗಿಯ ರಕ್ತ ಊರಲ್ಲಿ ಇರಲಿಲ್ಲ. ಆದರೆ ವರ್ಷಕ್ಕೆರಡು ತಿಂಗಳು ಹಳ್ಳವನ್ನು ತೊಳೆಯುತ್ತಿದ್ದ ಕೈ ಆ ವರ್ಷ ಬರಲಿಲ್ಲ. ಒಮ್ಮೆಗೇ ಸುರಿದು ಆಮೇಲೆ ವಾರಗಟ್ಟಲೆ ಬಿಸಿಲು ಕಾಯುವ ಮಳೆಗಾಲಗಳು ಹೆಚ್ಚಿದರೆ ತೊಟ್ಟಿಲು ಕಟ್ಟುವ ದಿನಗಳೂ ಹೆಚ್ಚುತ್ತವೆ.

ಪ್ರಕೃತಿ ಕಟ್ಟುವ ತೊಟ್ಟಿಲಿಗಿಂತ ನಾವು ಕಟ್ಟಿಕೊಡುವುದು ಹೆಚ್ಚು ಎಂದು ನನಗೆ ಅನ್ನಿಸುವುದು ರಸ್ತೆಯಲ್ಲಿ ಹೋಗುವಾಗ. ರಸ್ತೆ ಅಗಲ ಮಾಡಲು ದರೆ ಕಡಿದ ಕಡೆ ಗುಡ್ಡದ ಒಸರು ಬಯಲಿಗೆ ಬಿದ್ದು ಬುಡದಲ್ಲಿ ನಿಲ್ಲುತ್ತದೆ. ಮಣ್ಣು ತೆಗೆದ ಜೆಸಿಬಿ ಗುಂಡಿಗಳು ಹಾಗೇ ಉಳಿಯುತ್ತವೆ. ಮೋರಿಯ ಪೈಪು ಚರಂಡಿಯ ತಳಕ್ಕಿಂತ ಒಂದು ಗೇಣು ಮೇಲೆ ಕೂತರೆ ಅದರ ಹಿಂದೆ ವರ್ಷದ ಎಂಟು ತಿಂಗಳು ನೀರು. ಶರಾವತಿಗೆ ಲಿಂಗನಮಕ್ಕಿ, ತುಂಗೆಗೆ ಗಾಜನೂರು, ಭದ್ರೆಗೆ ಲಕ್ಕವಳ್ಳಿ ಹೀಗೆ ನಮ್ಮ ನದಿಗಳೆಲ್ಲ ಅಣೆಕಟ್ಟು ಕಂಡಿವೆ. ಅಣೆಕಟ್ಟಿನ ವಿಶಾಲ ನೀರು ಸೊಳ್ಳೆಗೆ ಅಷ್ಟು ಒಗ್ಗುವುದಿಲ್ಲ. ಹಿನ್ನೀರು ಇಳಿಯುವಾಗ ಅಂಚಿನಲ್ಲಿ ಬಿಟ್ಟುಹೋಗುವ ಕುಣಿಗಳು, ಗೇಟು ಮುಚ್ಚಿದಾಗ ಕೆಳಗಿನ ಹೊಳೆಯಲ್ಲಿ ಉಳಿಯುವ ಬಂಡೆಹೊಂಡಗಳು, ಬಿರುಕುಬಿಟ್ಟ ನಾಲೆಯ ಸೋರಿಕೆ ಅದಕ್ಕೆ ಒಗ್ಗುತ್ತವೆ. ಮಲಯದ (ಇಂದಿನ ಮಲೇಷ್ಯಾದ) ತೋಟಗಳಲ್ಲಿ ಹಿಂದೆ ತೊರೆಗೆ ಅಡ್ಡಲಾಗಿ ಸಣ್ಣ ಕಟ್ಟೆ ಕಟ್ಟಿ, ತುಂಬಿದಾಗ ತಾನಾಗಿ ಒಮ್ಮೆಲೇ ನೀರು ನುಗ್ಗುವಂತೆ ಕೊಳವೆ ಜೋಡಿಸಿ ಕೆಳಗಿನ ಮರಿಗಳನ್ನು ಕೊಚ್ಚಿಸುತ್ತಿದ್ದರು. ಆರಿದ್ರಾ ಮಳೆಯ ಕೆಲಸವನ್ನು ಮನುಷ್ಯ ಕೈಯಲ್ಲಿ ಮಾಡಿದ ಹಾಗೆ.

ಗ್ಯಾಂಬೂಸಿಯಾ, ಗಪ್ಪಿ ಮೀನು ತಂದು ಹಳ್ಳಕ್ಕೆ ಬಿಡೋಣವೇ ಎಂದು ಯಾರಾದರೂ ಕೇಳುತ್ತಲೇ ಇರುತ್ತಾರೆ. ಬಯಲುಸೀಮೆಯ ಹಳ್ಳಿಗಳ ಬಾವಿಗಳಲ್ಲಿ ಈ ಮೀನುಗಳಿಂದ ಕರ್ನಾಟಕದಲ್ಲೇ ಒಳ್ಳೆಯ ಫಲ ಸಿಕ್ಕಿದೆ. ಸುತ್ತ ಕಟ್ಟಿದ ಬಾವಿ, ತೊಟ್ಟಿಗಳಿಗೆ ಅದು ಸರಿ. ಪಶ್ಚಿಮಘಟ್ಟದ ತೊರೆಗೆ ಬೇಡ. ಗ್ಯಾಂಬೂಸಿಯಾ ಹೊರಗಿನಿಂದ ಬಂದದ್ದು, ಸೊಳ್ಳೆ ಮರಿಯ ಜೊತೆಗೆ ಕಪ್ಪೆಯ ಮರಿಗಳನ್ನೂ ಸ್ಥಳೀಯ ಮೀನುಗಳ ಮೊಟ್ಟೆಗಳನ್ನೂ ಬಿಡುವುದಿಲ್ಲ. ನಮ್ಮ ಹಳ್ಳಗಳಲ್ಲೇ ನೀರಿನ ಮೇಲ್ಪದರದಲ್ಲಿ ಓಡಾಡುತ್ತಾ ಸೊಳ್ಳೆ ಮರಿ ತಿನ್ನುವ ಪುಟ್ಟ ಮೀನುಗಳಿವೆ, ತಳದಲ್ಲಿ ಹೊಂಚು ಹಾಕುವ ಏರೋಪ್ಲೇನ್ ಚಿಟ್ಟೆಯ ಮರಿಗಳಿವೆ. ತೋಟಕ್ಕೆ ಹೊಡೆದ ವಿಷ ಹಳ್ಳಕ್ಕೆ ಇಳಿದರೆ ಮೊದಲು ಸಾಯುವುದು ಇವೇ. ಸೊಳ್ಳೆ ಎರಡೇ ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ಅದನ್ನು ತಿನ್ನುವವರು ತುಂಬಿಕೊಳ್ಳಲು ತಿಂಗಳುಗಳು ಬೇಕು.

ಎಲ್ಲ ಹಳ್ಳವನ್ನೂ ಕಾಯುವುದಂತೂ ಆಗದ ಮಾತು. ಅನಾಫಿಲಿಸ್ ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಎರಡು ಮೂರು ಕಿಲೋಮೀಟರ್ ದಾಟುವುದಿಲ್ಲ, ಆದ್ದರಿಂದ ಮನೆಯ ಹತ್ತಿರದ ನೀರು ಮೊದಲು. ಮಳೆ ಬಿಟ್ಟ ಮೇಲೆ ಬಸಿಗಾಲುವೆಯ ಹುಲ್ಲು ಸವರಿ, ಹೂಳು ಎತ್ತಿ, ಅಂಚು ನೇರ ಮಾಡಿ ನೀರು ಎಲ್ಲೂ ತಂಗದಂತೆ ಇಳಿಜಾರು ಕೊಡುವುದು ತೋಟಕ್ಕೂ ಒಳ್ಳೆಯದು, ಕೊಳೆರೋಗದ ಕಾಟ ಕಂಡವರಿಗೆ ಬಸಿಯುವಿಕೆಯ ಬೆಲೆ ಹೇಳಿಕೊಡಬೇಕಿಲ್ಲ. ಹಿಂದಿನವರು ವರ್ಷ ವರ್ಷ ಮಾಡುತ್ತಿದ್ದ ಕೆಲಸವಿದು. ಆಳು ಸಿಗದ ಈ ಕಾಲದಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಆಗುತ್ತಿದೆ. ಸಿಂಟೆಕ್ಸಿನ ಮುಚ್ಚಳ, ಸಂಪಿನ ಬಾಯಿ, ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡುವುದು ಪೇಟೆಯವರ ಪಾಲಿನದು.

ಜೊತೆಗೆ ರಕ್ತ ಪರೀಕ್ಷೆ. ಕಾಫಿ, ಅಡಿಕೆ ಕೊಯ್ಲಿಗೆ, ಕಟ್ಟಡ ಕೆಲಸಕ್ಕೆ ದೂರದ ರಾಜ್ಯಗಳಿಂದ ಜನ ಬರುತ್ತಾರೆ, ನಮ್ಮ ಮಕ್ಕಳೂ ದೂರ ಹೋಗಿ ಬರುತ್ತಾರೆ. ವೈವಾಕ್ಸ್ ಪರಾವಲಂಬಿ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಏಳಬಲ್ಲದು. ಹಾಗಾಗಿಯೇ ಅದಕ್ಕೆ ಮೂರು ದಿನದ ಕ್ಲೋರೊಕ್ವಿನ್ ಜೊತೆ 14 ದಿನದ ಪ್ರಿಮಾಕ್ವಿನ್ ಕೊಡುವುದು. ಜ್ವರ ಬಿಟ್ಟಿತೆಂದು ನಾಲ್ಕನೇ ದಿನ ಮಾತ್ರೆ ಬಿಟ್ಟವರ ಮೈಯಲ್ಲಿ ಅದು ಮಲಗಿಯೇ ಇರುತ್ತದೆ. ಚಳಿ ಬಂದು ಜ್ವರ ಬಂದರೆ ಯಾರಾದರೂ ಸರಿ, ಊರಿನವರಾಗಲಿ ಕೆಲಸಕ್ಕೆ ಬಂದವರಾಗಲಿ, ಆಶಾ ಕಾರ್ಯಕರ್ತೆಗೆ ಹೇಳಿದರೆ ಬೆರಳಿನ ಒಂದು ಹನಿ ರಕ್ತದಲ್ಲಿ ಗೊತ್ತಾಗುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ.

ತಟ್ಟೆಯ ನೀರನ್ನು ನಾನು ಹಳ್ಳಕ್ಕೆ ಸುರಿಯಲಿಲ್ಲ, ಅಂಗಳದ ಬಿಸಿಲಿಗೆ ಚೆಲ್ಲಿದೆ. ದೊಡ್ಡಮ್ಮ ಸೌಟನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದರು. ಮರುದಿನ ಬೆಳಗ್ಗೆ ಕತ್ತಿ ಹಿಡಿದು ತೋಟದ ಕಾಲುವೆಯ ಹುಲ್ಲು ಸವರಲು ನನಗಿಂತ ಮೊದಲೇ ಅವರು ದರೆ ಇಳಿದಿದ್ದರು.